ಬಾರ್ ಕೈಪಿಡಿಯ ಹತ್ತೊಂಬತ್ತನೇ ಪುಟ

ಕೊರೋನಾ ಬರುವುದಕ್ಕೆ ಎರಡು ವರ್ಷ ಮುಂಚಿನ ಮಾತು. ನಾನಾಗ ಮೈಸೂರಿನ ಒಂದು ಸಂಜೆ ಪತ್ರಿಕೆಯ ಪುರವಣಿ ವಿಭಾಗದಲ್ಲಿ ಮುಖ್ಯ ಉಪಸಂಪಾದಕ. ನಿವೃತ್ತಿಗೆ ಮೂರು ವರ್ಷ ಬಾಕಿಯಿತ್ತು. ನೌಕರಿಯಲ್ಲಿ ಕಂಡ ತಮಾಷೆಗಳನ್ನು ನಾಲ್ಕು ಜನ ಸೇರಿದ ಕಡೆಯೆಲ್ಲ ಹೇಳಿ ನಗಿಸಿದ್ದೇನೆ. ಇದೊಂದನ್ನು ಮಾತ್ರ ಇಲ್ಲಿಯವರೆಗೆ ಎಲ್ಲೂ ಬಾಯಿ ಬಿಟ್ಟಿರಲಿಲ್ಲ.

ದಸರಾಕ್ಕೆ ಒಂದು ತಿಂಗಳಿರುವಾಗ ಸಂಪಾದಕರು ಕರೆದು, ಊರಿನ ಬಾರುಗಳ ಬಗ್ಗೆ ಒಂದು ಕೈಪಿಡಿ ಮಾಡಿ ಎಂದರು. ಅರಮನೆ, ಬೆಟ್ಟ, ಮೃಗಾಲಯದ ಬಗ್ಗೆ ಎಲ್ಲರೂ ಬರೆದಾಗಿದೆ, ಹೊರಗಿನಿಂದ ಬಂದವರು ಸಂಜೆ ಏಳರ ಮೇಲೆ ಎಲ್ಲಿ ಕೂರಬೇಕು ಎಂದು ಯಾರೂ ಹೇಳುವುದಿಲ್ಲ ಎನ್ನುವುದು ಅವರ ವಾದ. ನಲವತ್ತೆಂಟು ಪುಟ, ಅಂಗಿ ಜೇಬಿಗೆ ಹೋಗುವ ಅಳತೆ, ಮೂವತ್ತೆರಡು ಜಾಗ.

"ಸಾರ್, ನಾನು ಕುಡಿಯಲ್ಲವಲ್ಲ," ಎಂದೆ.

"ಅದಕ್ಕೇ ನಿಮಗೆ ಕೊಡ್ತಿರೋದು. ಕುಡಿಯೋರಿಗೆ ಕೊಟ್ರೆ ಪುಸ್ತಕ ಮೂರನೇ ಪುಟಕ್ಕೇ ಮಲಗಿಬಿಡುತ್ತೆ."

ಅಬಕಾರಿ ಇಲಾಖೆಯ ಲೆಕ್ಕದಲ್ಲಿ ಸಿಎಲ್-2 ಎಂದರೆ ಬಾಟಲಿ ಕೊಂಡು ಹೋಗುವ ಅಂಗಡಿ. ಅಲ್ಲಿ ಕೂತು ಕುಡಿಯುವಂತಿಲ್ಲ. ಸಿಎಲ್-7 ಎಂದರೆ ವಸತಿ ಹೋಟೆಲಿನೊಳಗಿನ ಬಾರು. ನಾವು ನೀವು ಬಾರ್ ಅಂಡ್ ರೆಸ್ಟೋರೆಂಟ್ ಎನ್ನುವುದು ಸಿಎಲ್-9. ನನ್ನ ಪಟ್ಟಿಯಲ್ಲಿ ಹೆಚ್ಚಿನವು ಈ ಮೂರನೆಯ ಬಗೆಯವು. ಜೊತೆಗೆ ಹೊಸದಾಗಿ ಎದ್ದ ಟೆರೇಸ್ ಪಬ್ಬುಗಳು ನಾಲ್ಕು. ಒಂದೊಂದು ಜಾಗಕ್ಕೂ ಎರಡೆರಡು ಸಲ ಹೋಗುತ್ತಿದ್ದೆ. ಫ್ಯಾಮಿಲಿ ರೂಮ್ ನಿಜಕ್ಕೂ ಫ್ಯಾಮಿಲಿ ಕೂರುವಂತಿದೆಯೇ, ಶೌಚಾಲಯಕ್ಕೆ ಚಿಲಕ ಇದೆಯೇ, ನಂಜಿಕೊಳ್ಳಲು ಏನು ಚೆನ್ನಾಗಿ ಸಿಗುತ್ತದೆ, ಟಿವಿ ಸದ್ದು ಎಷ್ಟು, ಎಲ್ಲ ಗುರುತು ಹಾಕಿಕೊಳ್ಳುವುದು. ನನ್ನ ಮುಂದೆ ಇರುತ್ತಿದ್ದದ್ದು ನಿಂಬೆಹಣ್ಣಿನ ಸೋಡ. ಮನೆಗೆ ಬಂದರೆ ನನ್ನಾಕೆ ಮೂಗು ಮುಚ್ಚಿಕೊಂಡು, "ಇಡೀ ಮೈಸೂರಲ್ಲಿ ಸೋಡ ಕುಡ್ದು ಬ್ರಾಂದಿ ವಾಸನೆ ತರೋ ಗಂಡಸು ನೀವೊಬ್ರೇ ಕಣ್ರೀ," ಎನ್ನುತ್ತಿದ್ದಳು.

ಮೊದಲ ಹತ್ತು ಜಾಗಗಳ ಬರಹ ಓದಿ ಸಂಪಾದಕರಿಗೆ ಸಮಾಧಾನವಾಗಲಿಲ್ಲ. "ವಿಳಾಸ ಫೋನಲ್ಲೂ ಸಿಗುತ್ತೆ. ಪುಟಕ್ಕೊಬ್ಬ ಮನುಷ್ಯ ಕಾಣಿಸ್ಲಿ," ಎಂದರು. ಅದು ನನಗೆ ಕೈ ಪಳಗಿದ ಕೆಲಸ. ಎದ್ದು ಹೋಗಿ ಮತ್ತೆ ಎಲ್ಲ ಕಡೆ ಕಣ್ಣು ಬಿಟ್ಟು ಕೂತೆ. ಒಂದು ಕಡೆ ಗಲ್ಲಾದ ಮೇಲಿನ ದೇವರಿಗೆ ಊದುಬತ್ತಿ ಹಚ್ಚದೆ ಮೊದಲ ಬಾಟಲಿಯ ಮುಚ್ಚಳ ತೆಗೆಯದ ಮಾಲೀಕ, ಇನ್ನೊಂದು ಕಡೆ ಗಿರಾಕಿಯ ಮುಖ ನೋಡಿಯೇ ನೈಂಟಿಯೋ ಕ್ವಾರ್ಟರೋ ಹೇಳುವ ಸಪ್ಲೈಯರ್, ಹೀಗೆ.

ಹತ್ತೊಂಬತ್ತನೇ ಪುಟದ ಬಾರು ಊರಿನ ದಕ್ಷಿಣದ ಅಂಚಿನಲ್ಲಿತ್ತು. ಯಾವ ಬಡಾವಣೆ ಎಂದು ಹೇಳುವುದಿಲ್ಲ. ಶ್ರೀರಾಂಪುರ, ದಟ್ಟಗಳ್ಳಿ ಕಡೆಯವರು ಹುಡುಕಿಕೊಂಡು ಹೋಗಬೇಡಿ. ಸಂಜೆ ನಾಲ್ಕೂವರೆಗೆ ಹೋದಾಗ ಒಳಗೆ ಇನ್ನೂ ಯಾರೂ ಇರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಬೋಟಿ ಗೊಜ್ಜಿನ ಘಮ ಬರುತ್ತಿತ್ತು. ಇಣುಕಿದರೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಪಾತ್ರೆಯ ಹಬೆಗೆ ಮುಖ ಒಡ್ಡಿ, ಕಣ್ಣು ಮುಚ್ಚಿ ಮೂಸುತ್ತಿದ್ದರು. ಆಮೇಲೆ ಚಿಟಿಕೆ ಉಪ್ಪು ಹಾಕಿದರು.

"ನಾಲಿಗೆಗೆ ಹಚ್ಚಿ ನೋಡಲ್ವೇನಮ್ಮ?" ಎಂದೆ.

"ಇಲ್ಲ ಸಾರ್, ಮೂಗೇ ಏಳ್ತದೆ. ಉಪ್ಪು ಕಮ್ಮಿ ಆದ್ರೆ ವಾಸನೆ ಚಪ್ಪೆ ಒಡೀತದೆ," ಎಂದು ನಕ್ಕರು. ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅದರ ಜಾಗದಲ್ಲಿ ಬಿಳಿ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದರು.

ಅಷ್ಟು ಸಾಕಾಯಿತು ನನಗೆ. ಅವರ ಹೆಸರು ಕೇಳಲಿಲ್ಲ, ಬರೆಯಲೇ ಎಂದೂ ಕೇಳಲಿಲ್ಲ. ಆ ರಾತ್ರಿಯೇ ಬರೆದೆ: ಕನ್ನಡಕದ ದಾರ ಕಿವಿಗೆ ಸುತ್ತಿಕೊಂಡ ಅಕ್ಕ, ಉಪ್ಪನ್ನು ಮೂಗಿನಿಂದ ಅಳೆಯುವ ಅಕ್ಕ, ಅವರ ಬೋಟಿ ಗೊಜ್ಜಿಗಾಗಿ ಕುಡಿಯದವರೂ ಈ ಬಾರಿನ ಮೆಟ್ಟಿಲು ಹತ್ತಬಹುದು. ಇಡೀ ಕೈಪಿಡಿಯಲ್ಲಿ ಅದೇ ಚೆನ್ನಾಗಿ ಬಂದ ಪುಟ ಎಂದು ಕಚೇರಿಯಲ್ಲಿ ಎಲ್ಲರೂ ಹೇಳಿದರು. ನಾನೂ ಒಳಗೊಳಗೇ ಹಿಗ್ಗಿದೆ.

ಕೈಪಿಡಿ ಹೊರಬಂದ ಹತ್ತನೇ ದಿನ ಒಬ್ಬ ಮುಖ್ಯೋಪಾಧ್ಯಾಯಿನಿಯ ಫೋನ್ ಬಂತು. ಬಡಾವಣೆ ಮುಗಿದು ಹೊಲ ಶುರುವಾಗುವ ಕಡೆ ಇರುವ ಸರ್ಕಾರಿ ಶಾಲೆ. ಆ ಅಕ್ಕ ಆರು ವರ್ಷದಿಂದ ಅಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರು. ಬೆಳಗ್ಗೆ ಶಾಲೆ, ಸಂಜೆ ಬಾರು. ಬಾರಿನ ವಿಷಯ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂಸಿ ನೋಡುವ ಅಭ್ಯಾಸ ಅವರಿಗೆ ಬಂದದ್ದೇ ಶಾಲೆಯಿಂದ: ಸೌಟಿನಿಂದ ರುಚಿ ನೋಡಿದರೆ ಎಂಜಲು ಎಂದು ಯಾರಾದರೂ ಮಾತು ತೆಗೆದಾರು ಎಂಬ ಹೆದರಿಕೆಗೆ ಮೂಗನ್ನು ಪಳಗಿಸಿಕೊಂಡಿದ್ದರು. ಮಕ್ಕಳಿಗೆ ಅವರು ಮೂಸೋ ಅಕ್ಕ. ಹೆಣ್ಣುಮಕ್ಕಳು ಮನೆಯಲ್ಲಿ ಅಡುಗೆ ಆಟ ಆಡುವಾಗಲೂ ಹಾಗೇ ಮೂಸುತ್ತಿದ್ದವಂತೆ. ಇಷ್ಟಾದ ಮೇಲೆ ಆ ಪುಟ ಓದಿದ ತಂದೆತಾಯಿಗೆ ಹೆಸರು ಯಾಕೆ ಬೇಕು?

"ನಾಳಿದ್ದು ಎಸ್‌ಡಿಎಂಸಿ ಮೀಟಿಂಗ್ ಇದೆ ಸಾರ್," ಎಂದರು. ಪೋಷಕರೇ ಇರುವ ಶಾಲಾ ಮೇಲುಸ್ತುವಾರಿ ಸಮಿತಿ ಅದು. "ಅಡುಗೆಗೆ ಬೇರೆಯವರನ್ನ ತಗೊಳ್ಳಿ ಅಂತ ಗಲಾಟೆ. ನೀವು ಬಂದು ಅದು ಬೇರೆಯವರು ಅಂತ ಒಂದ್ ಮಾತು ಹೇಳ್ಬುಡಿ. ಮುಗ್ದೋಗುತ್ತೆ."

"ಮೇಡಂ, ನಾನು ಹೆಸರು ಹಾಕಿಲ್ಲವಲ್ಲ," ಎಂದೆ.

ಫೋನಿಟ್ಟ ಮೇಲೆ ನನ್ನ ಅಜ್ಜಿ ನೆನಪಾದಳು. ನಮ್ಮದು ಬೇಸಾಯದ ಮನೆ. ಮಾತು ಕಲಿತದ್ದು ಅವಳ ಮಗ್ಗುಲಲ್ಲಿ ಕೂತು. ಗಂಡನ ಹೆಸರು ಹೇಳಬಾರದು, ಮಾವನ ಹೆಸರು ಹೇಳಬಾರದು, ಭಾವನ ಹೆಸರಂತೂ ಕೂಡದೇ ಕೂಡದು. ಹಾಗಾಗಿ ಅವಳು ಜೀವನವಿಡೀ ಗುರುತುಗಳಲ್ಲೇ ಮಾತಾಡಿದವಳು. "ಆ ಎಡಗೈಲಿ ನಸ್ಯ ಏರಿಸ್ತಾರಲ್ಲ, ಅವ್ರು" ಎಂದರೆ ಅಂಗಳದಲ್ಲಿದ್ದ ಹತ್ತು ಹೆಂಗಸರಿಗೂ ಯಾರೆಂದು ತಿಳಿಯುತ್ತಿತ್ತು. ಹೆಸರು ಬಿಡುವುದು ಆಳನ್ನು ಮುಚ್ಚಲಿಕ್ಕಲ್ಲ, ಇನ್ನೂ ಚೆನ್ನಾಗಿ ತೋರಿಸಲಿಕ್ಕೆ. ಅವಳಿಂದ ಬಂದ ಆ ವಿದ್ಯೆಯನ್ನು ಮೂವತ್ತು ವರ್ಷ ಪತ್ರಿಕೆಯಲ್ಲಿ ಬಳಸಿದ ನಾನು, ಹೆಸರು ಹಾಕಿಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳಲು ನೋಡಿದ್ದೆ.

ಆದರೂ ಮೀಟಿಂಗಿಗೆ ಹೋದೆ. ಒಂದನೇ ತರಗತಿಯ ಕೋಣೆ. ಮಕ್ಕಳ ಗಿಡ್ಡ ಬೆಂಚಿನ ಮೇಲೆ ಒಂಬತ್ತು ಜನ ದೊಡ್ಡವರು. ಅಕ್ಕ ಬಾಗಿಲ ಪಕ್ಕ ನಿಂತಿದ್ದರು. ಅಂದು ಕನ್ನಡಕ ಹಾಕಿರಲಿಲ್ಲ.

ಆಟೋ ಓಡಿಸುವ ಸದಸ್ಯರೊಬ್ಬರು ಕೈಪಿಡಿ ಎತ್ತಿ ಹಿಡಿದರು. "ನಮ್ ಮಕ್ಳಿಗೆ ಅನ್ನ ಬಡ್ಸೋ ಕೈ ಇದು. ಬೆಳಗ್ಗೆ ಇಲ್ಲಿ, ಸಂಜೆ ಬಾರಲ್ಲಿ ಅಂದ್ರೆ ಎಂಗೆ? ಮೊದ್ಲೇ..." ಎಂದು ನಿಲ್ಲಿಸಿದರು.

"ಮೊದ್ಲೇ ಏನು? ಹೇಳಿ," ಎಂದರು ಮುಖ್ಯೋಪಾಧ್ಯಾಯಿನಿ.

ಆಟೋದವರು ಕೈಪಿಡಿಯ ಪುಟ ತಿರುವಿದರು. ಆ ಮಾತಿನ ಮುಂದಿನ ಅರ್ಧ ನನಗೂ ಗೊತ್ತಿತ್ತು. ಅಕ್ಕ ಯಾವ ಬೀದಿಯವರು, ಯಾವ ಜಾತಿ ಎಂಬ ಮಾತು ಅದು. ನಮ್ಮ ಮನೆಯ ಜಗಲಿಯಲ್ಲೂ ಅದನ್ನು ಕೇಳಿಯೇ ಬೆಳೆದವನು ನಾನು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಸಾರ್, ನೀವು ಬರೆದಿರೋದು ಇವ್ರ ಬಗ್ಗೇನಾ, ಅಲ್ವಾ? ಅಷ್ಟೇ ಹೇಳಿ."

ಅಕ್ಕ ನನ್ನನ್ನು ನೋಡಿದರು. ಬೇಡುವ ನೋಟವಲ್ಲ, ಪಾತ್ರೆ ಇಳಿಸುವವರು ಇನ್ನೊಂದು ಕಡೆ ಹಿಡಿಯಲು ಬಂದವನನ್ನು ನೋಡುವಂತೆ ನೋಡಿದರು.

"ನಾನು ಯಾರ ಹೆಸರನ್ನೂ ಬರೆದಿಲ್ಲ. ಶಾಲೆಯ ಹೆಸರೂ ಅದರಲ್ಲಿ ಇಲ್ಲ," ಎಂದೆ.

ಆಟೋದವರು ತೊಡೆ ತಟ್ಟಿಕೊಂಡರು. "ಅಂಗಾದ್ರೆ ಇವ್ರೇ ಕಣ್ರೀ! ಅಲ್ದಿದ್ರೆ ಅಲ್ಲ ಅಂದ್ಬುಡ್ತಿದ್ರು."

ಬಾಗಿಲ ಕಡೆಯಿಂದ ಅಕ್ಕನ ದನಿ ಬಂತು. "ನಾನೇ ಕಣಣ್ಣ. ಅಲ್ಲಿ ಅಡುಗೆ ಮಾಡಕ್ ಓಯ್ತೀನಿ, ಕುಡಿಯಕ್ಕಲ್ಲ. ಸಾರನ್ನ ಯಾಕ್ ಕೇಳ್ತೀರಿ, ನನ್ನೇ ಕೇಳ್ಬೋದಿತ್ತು."

ಸದ್ಯಕ್ಕೆ ಬರುವುದು ಬೇಡ ಎಂದು ತೀರ್ಮಾನವಾಯಿತು. ಲಿಖಿತ ಆದೇಶವೇನೂ ಇಲ್ಲ. ನಾಳೆಯಿಂದ ಒಲೆ ಹಚ್ಚಬೇಡಿ ಎಂದರು, ಅಷ್ಟೆ.

ಹೊರಗೆ ಕೈತೊಳೆಯುವ ನಲ್ಲಿಗಳ ಹತ್ತಿರ ಅವರನ್ನು ನಿಲ್ಲಿಸಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. "ನೀವು ಬರ್ದಿದ್ದು ಚೆನ್ನಾಗಿತ್ತು ಸಾರ್, ಮಗಳು ಎರಡು ಸಲ ಓದಿ ಏಳಿದ್ಲು," ಎಂದರು. ತೊಟ್ಟಿಕ್ಕುತ್ತಿದ್ದ ನಲ್ಲಿಯೊಂದನ್ನು ಬಿಗಿಮಾಡಿ, "ಬಾರಲ್ಲಿ ಸಂಬಳ ಜಾಸ್ತಿ, ಅದೇನ್ ನಿಂತೋಗಲ್ಲ. ಇಲ್ಲಿ ಮಕ್ಳು ಅಕ್ಕ ಅಂತಿದ್ವು. ಅಲ್ಲಿ ನನ್ನ ಯಾರೂ ಅಂಗೆ ಕರ್ಯಲ್ಲ," ಎಂದು ಸೆರಗು ಸರಿಮಾಡಿಕೊಂಡು ಹೊರಟರು.

ಮುಖ್ಯೋಪಾಧ್ಯಾಯಿನಿ ಸುಮ್ಮನೆ ಕೂರಲಿಲ್ಲ. ಶಿಕ್ಷಣ ಇಲಾಖೆಯ ಕಚೇರಿಗೆ ಅಲೆದರು. ಕೆಲಸದ ವೇಳೆ ಮುಗಿದ ಮೇಲೆ ಬೇರೆ ಕಡೆ ಅಡುಗೆ ಮಾಡುವುದು ತಪ್ಪಲ್ಲ ಎಂದು ಎರಡು ತಿಂಗಳ ನಂತರ ಬರೆಸಿಕೊಂಡು ಬಂದರು. ಅಕ್ಕ ಒಪ್ಪಲಿಲ್ಲ. "ತಟ್ಟೆ ಇಡ್ಕೊಂಡ್ ಬಂದ ಮಕ್ಳು ಇನ್ಮೇಲೆ ನನ್ ಕೈ ನೋಡ್ತವೆ ಮಿಸ್. ಬೇಡ," ಎಂದರಂತೆ.

ಎರಡನೇ ಮುದ್ರಣದಲ್ಲಿ ಆ ಸಾಲುಗಳನ್ನು ತೆಗೆದೆ. ಬಾರಿನ ಮಾಲೀಕರು ವ್ಯಾಪಾರ ಏರಿದ್ದೇ ಅದರಿಂದ, ಯಾಕೆ ತೆಗೆದಿರಿ ಎಂದು ಜಗಳಕ್ಕೆ ಬಂದರು. ನನ್ನನ್ನು ಬಹಳ ದಿನ ಕೊರೆದದ್ದು ಆ ಸಾಲುಗಳಲ್ಲ, ಶಾಲೆಯ ಕೋಣೆಯಲ್ಲಿ ಆಡಿದ ಮಾತು. ಒಂದು ಸುಳ್ಳು ಹೇಳಿ ಉಳಿಸಬಹುದಿತ್ತಲ್ಲ ಎಂದು ಮೊದಮೊದಲು ಹಳಹಳಿಸುತ್ತಿದ್ದೆ. ಸುಳ್ಳು ಬೇಕೇ ಇರಲಿಲ್ಲ ಎಂದು ಹೊಳೆದದ್ದು ತಿಂಗಳುಗಳ ಮೇಲೆ. "ಹೌದು, ಇವರೇ. ಎರಡು ಕಡೆ ದುಡಿಯುತ್ತಾರೆ. ಅದರಲ್ಲಿ ತಪ್ಪೇನು?" ಎನ್ನಬಹುದಿತ್ತು. ಪತ್ರಿಕೆಯವನ ಮಾತಿಗೆ ಆ ಕೋಣೆಯಲ್ಲಿ ಬೆಲೆಯಿತ್ತು. ಆ ಮಾತು ನನ್ನ ನಾಲಿಗೆಯ ಹತ್ತಿರಕ್ಕೂ ಬರಲಿಲ್ಲ. ಒಳಗೆಲ್ಲೋ ನಾನೂ ಆ ಬೆಂಚುಗಳ ಕಡೆಯವನೇ ಆಗಿದ್ದೆ.

ಇದನ್ನು ಬರೆಯುವ ಮೊದಲು ಅಕ್ಕನ ಮನೆಗೆ ಹೋಗಿ ಕೇಳಿದೆ. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕೂರಿಸಿ ಟೀ ಕೊಟ್ಟರು. ಮೂಸುವುದನ್ನು ಬರೆಯಲೇ, ಬೇಡವೇ ಎಂದೆ. "ಅದು ಈಗ ಊರಿಗೇ ಗೊತ್ತು, ಬರ್ಕೊಳ್ಳಿ. ಆದ್ರೆ ಆವತ್ತು ನೀವು ಏನಂದ್ರಿ ಅದನ್ನೂ ಬರೀರಿ," ಎಂದರು.

ಬರೆದಿದ್ದೇನೆ. ಹೆಸರು ಬಿಟ್ಟೆ ಎಂಬುದು ಬರೆಯುವವನ ಸಮಾಧಾನ ಮಾತ್ರ ಎಂದು ಈ ಕೆಲಸ ನನಗೆ ಕಲಿಸಿತು. ಒಬ್ಬರ ಬಗ್ಗೆ ಬರೆಯುವ ಮುಂಚೆ ಅವರನ್ನು ಕೇಳಬೇಕು. ಬರೆದದ್ದಕ್ಕಾಗಿ ಅವರು ನಾಲ್ಕು ಜನರ ಮುಂದೆ ನಿಲ್ಲಬೇಕಾಗಿ ಬಂದರೆ ಎದ್ದು ಹೋಗಿ ಅವರ ಪಕ್ಕ ನಿಲ್ಲಬೇಕು. ಮೊದಲನೆಯದನ್ನು ಅಲ್ಲಿಂದೀಚೆಗೆ ತಪ್ಪದೆ ಮಾಡಿದ್ದೇನೆ. ಎರಡನೆಯದಕ್ಕೆ ನನಗೆ ಸಿಕ್ಕಿದ್ದು ಒಂದೇ ಸಲ. ಆಗ ನಾನು ಕೂತೇ ಇದ್ದೆ.