ತರುಬೆನ್ ಅವರ ನಾಲ್ಕನೆಯ ಟೀ ಶರ್ಟು

ಹೊಸ ಕಂಪನಿಯವರ ಮುಂದೆ ಕೂತು ಹಳೇ ಕಂಪನಿಯನ್ನು ಬೈಯುವ ಸುಖವೇ ಬೇರೆ. ಸೂರತ್ತಿನ ರಿಂಗ್ ರೋಡಿನ ಸೀರೆ ವ್ಯಾಪಾರಿ ಕನುಭಾಯಿ ವಘಾಸಿಯಾ ಆ ಸುಖಕ್ಕಾಗಿಯೇ ಅರ್ಧ ಕಿಲೋ ಘಾರಿ ಮಿಠಾಯಿ ಕಟ್ಟಿಸಿಕೊಂಡು 'ದುಕಾನ್‌ಮಿತ್ರ' ಕಂಪನಿಯ ಮೂರನೆಯ ಮಹಡಿಗೆ ಹತ್ತಿದ್ದರು.

ಅವರ ಸೀರೆಗಳು ಅಂಗಡಿಯ ಗಾದಿಯ ಮೇಲೆ ಮಾರಾಟವಾಗುವ ಕಾಲ ಮುಗಿದಿತ್ತು. ಈಗ ಎಲ್ಲವೂ ಫೋನಿನೊಳಗಿನ ಅಂಗಡಿಗಳಲ್ಲಿ. ಒಂದು ಸೀರೆಯ ಚಿತ್ರವನ್ನು ಅಷ್ಟೂ ಅಂಗಡಿಗಳಿಗೆ ಏರಿಸಬೇಕು, ಒಂದು ಕಡೆ ಮಾರಿದರೆ ಉಳಿದ ಕಡೆಯಿಂದ ಇಳಿಸಬೇಕು, ಪಾರ್ಸಲ್ಲಿಗೆ ಚೀಟಿ ಅಂಟಿಸಬೇಕು, ಉಟ್ಟು ಮದುವೆ ಮುಗಿಸಿ 'ಬಣ್ಣ ಹಿಡಿಸಲಿಲ್ಲ' ಎಂದು ಹಿಂದಿರುಗಿಸಿದ್ದನ್ನು ನಗುನಗುತ್ತಾ ಒಳಗೆ ತೆಗೆದುಕೊಳ್ಳಬೇಕು. ಇದನ್ನೆಲ್ಲ ಮಾಡಿಕೊಡುವ ತಂತ್ರಾಂಶದ ಕಂಪನಿಗಳು ಊರಿನಲ್ಲಿ ಲೋಚೋ ತಿಂಡಿಯ ಗಾಡಿಗಳಿದ್ದಷ್ಟೇ ಇದ್ದವು. ಕನುಭಾಯಿ ನಂಬಿದ್ದ 'ಪಟಾಪಟ್' ಕಂಪನಿ ಒಂದೇ ಕಡುನೀಲಿ ಸೀರೆಯನ್ನು ಮೂವರು ಹೆಂಗಸರಿಗೆ ಮಾರಿ, ಮೂವರಿಂದಲೂ ಬೈಗುಳ ತರಿಸಿಕೊಟ್ಟಿತ್ತು. ಅದಕ್ಕೇ ಈ ಪಕ್ಷಾಂತರ.

ಒಳಗೆ ಒಬ್ಬರೇ ಇದ್ದರು. ಕಿಟಕಿಯ ಕಡೆ ತಿರುಗಿದ್ದ ಕುರ್ಚಿಯ ಬೆನ್ನು ಮಾತ್ರ ಕಾಣುತ್ತಿತ್ತು. ಅದರ ಒಂದು ತೋಳಿಗೆ ಹಸಿರು ಜರಿ ಬಾರ್ಡರ್ ಸುತ್ತಿತ್ತು. ಎಲ್ಲೋ ನೋಡಿದ ಹಾಗಿದೆಯಲ್ಲ ಅನಿಸಿತಾದರೂ ಸಿಟ್ಟಿನ ಮುಂದೆ ಅದೆಲ್ಲ ನಿಲ್ಲಲಿಲ್ಲ.

"ಆ ಪಟಾಪಟ್‌ನೋರಿಗೆ ಮಾನ ಇದ್ಯಾ ಸಾಹೇಬ್ರೇ? ಅಲ್ಲೊಬ್ಳು ಇದಾಳೆ, ತರುಬೆನ್ ಅಂತ. ಏನ್ ಕೇಳಿದ್ರೂ 'ನೋಡ್ತೀನಿ ಭಾಯಿ' ಅಂತಾಳೆ. ಹತ್ತು ವರ್ಷದಿಂದ ನೋಡ್ತಾನೇ ಇದಾಳೆ! ಅಷ್ಟೊತ್ತು ನೋಡಿದ್ರೆ ಗೋಡೆ ಕೂಡ ನಾಚ್ಕೊಂಡು ಬಿದ್ದುಹೋಗುತ್ತೆ."

ಕುರ್ಚಿ ನಿಧಾನವಾಗಿ ತಿರುಗಿತು.

"ನೋಡ್ತೀನಿ ಭಾಯಿ," ಎಂದರು ತರುಬೆನ್.

ಕನುಭಾಯಿಯ ಕೈಯಲ್ಲಿದ್ದ ಘಾರಿಯ ಡಬ್ಬಿ ತಾನಾಗಿಯೇ ಮುಂದೆ ಚಾಚಿಕೊಂಡಿತು. "ಬೆನ್... ನೀವು ಇಲ್ಲಿ ಹೇಗೆ?"

"ಹೋದ ಸೋಮವಾರ ಇವ್ರು ನಮ್ಮನ್ನ ಕೊಂಡ್ಕೊಂಡ್ರು. ಒಂದು ಮಹಡಿ ಮೇಲೆ ಬಂದೆ, ಅಷ್ಟೆ. ಕೂತ್ಕೊಳ್ಳಿ, ಚಾ ಹೇಳ್ತೀನಿ. ಘಾರಿ ನಂಗೇ ತಂದಿದ್ದಾ?"

ತರುಲತಾ ಜರಿವಾಲಾ ಅವರ ಇಡೀ ವೃತ್ತಿಜೀವನ ಇಷ್ಟೇ. ಅವರು ಎಲ್ಲಿಗೂ ಹೋಗಿಲ್ಲ. ಕಂಪನಿಗಳೇ ಅವರ ಮೇಲಿಂದ ಹಾದುಹೋಗಿವೆ. ಇಬ್ಬರು ಹುಡುಗರು ಫರ್ಸಾಣ್ ತಿಂಡಿಯಂಗಡಿಯ ಮೇಲಿನ ಕೋಣೆಯಲ್ಲಿ 'ಸಾಡಿಸೇತು' ಎಂಬ ಕಂಪನಿ ಶುರುಮಾಡಿದಾಗ ವ್ಯಾಪಾರಿಗಳ ಫೋನು ಎತ್ತುವುದಕ್ಕೆ ತರುಬೆನ್ ಸೇರಿದರು. ಆ ಹುಡುಗರನ್ನು ಅಹಮದಾಬಾದಿನ ಪಟಾಪಟ್ ನುಂಗಿತು, ಪಟಾಪಟ್ಟನ್ನು ಮುಂಬೈಯ ದುಕಾನ್‌ಮಿತ್ರ. ಪ್ರತಿ ಸಲವೂ 'ಇನ್ನು ನಾವೆಲ್ಲ ಒಂದೇ ಕುಟುಂಬ' ಎಂದು ಬರೆದ ಕೇಕು ಬರುತ್ತಿತ್ತು. ಕೇಕು ಖಾಲಿಯಾಗುವ ಹೊತ್ತಿಗೆ ಕುಟುಂಬದ ಅರ್ಧ ಜನರೂ ಖಾಲಿಯಾಗಿರುತ್ತಿದ್ದರು. ಉಳಿದವರಿಗೆ ಹೊಸ ಬಣ್ಣದ ಟೀ ಶರ್ಟು. ಮನೆಯಲ್ಲಿ ಸಾಡಿಸೇತುವಿನಿಂದ ಗ್ಯಾಸ್ ಒಲೆ ಒರೆಸುತ್ತಿದ್ದರು, ಪಟಾಪಟ್ಟನ್ನು ತೊಟ್ಟು ಗಂಡ ಮಲಗುತ್ತಿದ್ದರು. ದುಕಾನ್‌ಮಿತ್ರದ್ದಕ್ಕೆ ಇನ್ನೂ ಕೆಲಸ ಸಿಕ್ಕಿರಲಿಲ್ಲ.

ಬದಲಾಗದೆ ಉಳಿದಿದ್ದು ಎರಡೇ: ಆ ಕುರ್ಚಿ ಮತ್ತು ತರುಬೆನ್ ಅವರ ಸ್ವಂತ ಮೊಬೈಲ್ ನಂಬರು.

ನಂಬರಿನ ಕಥೆಗೆ ಕಾರಣಪುರುಷ ಕನುಭಾಯಿಯೇ. ಮೊದಲ ಸಲ ಖಾತೆ ತೆರೆಯುವಾಗ ಓಟಿಪಿ ಎಂಬ ಪೀಡೆ ಎದುರಾಯಿತು. "ನನ್ ಫೋನು ಮನೇಲಿ ಹೆಂಡ್ತಿ ಶಾರದಾ ಹತ್ರ ಇರುತ್ತೆ ಬೆನ್. ಅವಳು ಭಜನೆಗೆ ಹೋದ್ರೆ ಫೋನೂ ಭಜನೆಗೆ ಹೋಗುತ್ತೆ. ನಿಮ್ದೇ ನಂಬರ್ ಹಾಕಿ ಬಿಡಿ," ಎಂದರು. ತರುಬೆನ್ ಹಾಕಿದರು. ಪಕ್ಕದ ಮಳಿಗೆಯಲ್ಲಿ ರವಿಕೆ ಬಟ್ಟೆ ಮಾರುವ ಝವೇರ್‌ಭಾಯಿ ಇದನ್ನು ಕೇಳಿ, "ಅವ್ರಿಗೆ ಹಾಕಿದ್ರೆ ನಂಗ್ಯಾಕಿಲ್ಲ? ನಾನೇನು ಬೇರೆ ಜಾತಿನಾ?" ಎಂದು ಜಗಳಕ್ಕೆ ಬಂದರು. ಅವರಿಗೂ ಹಾಕಿದರು. ಆಮೇಲೆ ಮಾರುಕಟ್ಟೆಗೆ ಮಾರುಕಟ್ಟೆಯೇ ಹಾಗೆ ಮಾಡಿತು. ನೆಂಟರಿಗೆ, ಬ್ಯಾಂಕಿಗೆ, ಸರ್ಕಾರಕ್ಕೆ ನಂಬರು ಕೊಡುವಾಗ ಸಾವಿರ ಸಲ ಯೋಚಿಸುವ ನಮ್ಮ ಜನ, ತಮ್ಮ ಇಡೀ ವ್ಯಾಪಾರದ ಬೀಗದ ಕೈಯನ್ನು ಬೆನ್ ಸೆರಗಿಗೆ ಕಟ್ಟಿ ನೆಮ್ಮದಿಯಾಗಿ ಊಟಕ್ಕೆ ಹೋದರು.

ದಸರಾ ಮುಗಿಯುತ್ತಿದ್ದಂತೆ ಸಿಂಗಾಪುರದ 'ಹೋಲ್ವೆಂಟಾ' ಬಂದು ದುಕಾನ್‌ಮಿತ್ರವನ್ನೂ ಅದರ ಹೊಟ್ಟೆಯಲ್ಲಿದ್ದವರನ್ನೂ ಒಟ್ಟಿಗೇ ಕೊಂಡುಕೊಂಡಿತು. ಈ ಸಲ ಕೇಕಿನ ಜೊತೆಗೆ ಇನ್ನೊಂದು ಸುದ್ದಿ ಬಂತು. ಇನ್ನು ಮುಂದೆ ವ್ಯಾಪಾರಿಗಳ ಫೋನು ಎತ್ತುವುದು 'ಸಖಿ' ಎಂಬ ಯಂತ್ರ. ಸೂರತ್ ಕಚೇರಿ, ದೀಪಾವಳಿ ಕಳೆದು ಅಂಗಡಿಗಳು ಮತ್ತೆ ತೆರೆಯುವ ಲಾಭ ಪಂಚಮಿಯ ಸಂಜೆ ಮುಚ್ಚುತ್ತದೆ.

ಕನುಭಾಯಿ ಓಡಿ ಬಂದರು. "ಏನ್ಮಾಡ್ತೀರಿ ಬೆನ್?"

"ಮನೇಲಿರ್ತೀನಿ. ಅತ್ತೆ, ನಾನು, ಒಂದು ಟೀವಿ ರಿಮೋಟು." ತರುಬೆನ್ ಸ್ವಲ್ಪ ಹೊತ್ತು ಕೀಲಿಮಣೆ ಒರೆಸಿದರು. "ಐವತ್ತೆರಡಕ್ಕೆ ಯಾರು ಕರೀತಾರೆ ಕನುಭಾಯಿ? ಇಷ್ಟು ವರ್ಷ ಮಾಡಿದ್ದಕ್ಕೆ ಏನ್ ಹೆಸರು ಅಂತಾನೇ ಗೊತ್ತಿಲ್ಲ ನಂಗೆ. ಜನ ಬೈತಾರೆ, ನಾನು ಕೇಳ್ತೀನಿ. ಆದ್ರೆ ಬೆಳಿಗ್ಗೆ ಎದ್ದು ಇಲ್ಲಿಗೆ ಬರ್ಬೇಕು ಅನ್ಸುತ್ತೆ."

ಕನುಭಾಯಿ, "ಆ ಸಖೀನ ನಾನು ಸರಿಯಾಗಿ ಬೈತೀನಿ ಬಿಡಿ," ಎಂದು ಸಮಾಧಾನ ಮಾಡಿದರು.

ದೀಪಾವಳಿಗೆ ಮಾರುಕಟ್ಟೆ ಬೀಗ ಹಾಕಿಕೊಂಡಿತು. ವ್ಯಾಪಾರಿಗಳೆಲ್ಲ ಅಮ್ರೇಲಿ, ಭಾವನಗರದ ಕಡೆಯ ತಮ್ಮ ಊರುಗಳಲ್ಲಿ ಗಾಂಠಿಯಾ ಮೆಲ್ಲುತ್ತಿದ್ದಾಗ, ಹೋಲ್ವೆಂಟಾ ಎಲ್ಲ ಹಳೇ ಕಂಪನಿಗಳ ಖಾತೆಗಳನ್ನು ಒಟ್ಟುಗೂಡಿಸಿತು. ಒಂದೇ ಫೋನ್ ನಂಬರಿರುವ ಖಾತೆಗಳೆಲ್ಲ ಒಬ್ಬನೇ ವ್ಯಾಪಾರಿಯವು ಎಂದು ಯಂತ್ರಕ್ಕೆ ಕಲಿಸಿದ್ದರು. ತುಂಬ ವಿವೇಕದ ನಿಯಮ, ಸೂರತ್ ಎಂಬ ಊರು ಭೂಮಿಯ ಮೇಲೆ ಇಲ್ಲದಿದ್ದರೆ.

ಲಾಭ ಪಂಚಮಿಯ ಬೆಳಿಗ್ಗೆ ಕನುಭಾಯಿ ಅಂಗಡಿ ತೆರೆದು, ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕೈಮುಗಿದು ಗುಂಡಿ ಒತ್ತಿದರು. 'ಸ್ವಾಗತ, ತರುಲತಾ' ಎಂದಿತು ಪರದೆ. ಕೆಳಗೆ ಅವರ ಸೀರೆಗಳ ಜೊತೆ ಝವೇರ್‌ಭಾಯಿಯ ರವಿಕೆಗಳು, ಯಾರದೋ ಲೆಹಂಗಾ, ಇನ್ಯಾರದೋ ದಿಂಬಿನ ಹೊದಿಕೆ.

"ಕನುಭಾಯ್!" ಪಕ್ಕದಿಂದ ಕೂಗು ಕೇಳಿತು. "ನಿನ್ನ ಹರಕು ಸೀರೆ ನನ್ನ ಅಂಗಡಿಗೆ ಯಾಕೆ ಬಂದ್ವು?"

"ನಿನ್ನ ರವಿಕೆ ನೋಡಿ ಮರುಳಾಗಿ ಬಂದಿರ್ಬೇಕು! ಸುಮ್ನಿರೋ ಮಾರಾಯ, ನಾನೀಗ ತರುಲತಾ ಆಗಿದೀನಿ."

ಸಖಿಗೆ ಫೋನು ಮಾಡಿದರು. "ನಮಸ್ತೆ ತರುಲತಾಬೆನ್," ಎಂದಿತು ಜೇನಿನಂಥ ದನಿ. ಕನುಭಾಯಿ ಮಾತು ಕೊಟ್ಟಂತೆ ಬೈದರು. "ಧನ್ಯವಾದ ತರುಲತಾಬೆನ್. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ," ಎಂದಿತು. ಬೈದದ್ದು ಯಾರಿಗೂ ತಾಗಲಿಲ್ಲ ಎಂಬ ಭಾವ ಅವರಿಗೆ ಜೀವನದಲ್ಲಿ ಮೊದಲ ಸಲ ಆಯಿತು. ಮಾರುಕಟ್ಟೆಯ ಅಷ್ಟೂ ತರುಲತಾಗಳು, ಮೀಸೆ ಇದ್ದವರು, ಹೊಟ್ಟೆ ಇದ್ದವರು, ಸೇರಿಕೊಂಡು ಮೂರನೆಯ ಮಹಡಿಗೆ ನುಗ್ಗಿದರು.

ಅಲ್ಲಿ ಆಗಲೇ ಒಬ್ಬ ತೆಳ್ಳಗಿನ ತರುಣ ಶಾಲು, ಹೂಗುಚ್ಛ ಹಿಡಿದು ನಿಂತಿದ್ದ. ಮುಂಬೈಯಿಂದ ಬೆಳಗಿನ ರೈಲಿಗೆ ಬಂದ ಹೋಲ್ವೆಂಟಾದ ಉಪಾಧ್ಯಕ್ಷ, ಅದ್ವೈತ್ ಕೇಳ್ಕರ್. ಒಟ್ಟುಗೂಡಿದ ಖಾತೆಗಳ ಲೆಕ್ಕದಲ್ಲಿ ದೇಶದ ಅತಿ ದೊಡ್ಡ ವ್ಯಾಪಾರಿ ತರುಲತಾ ಜರಿವಾಲಾ, ಸನ್ಮಾನ ಮಾಡಬೇಕಂತೆ. ತರುಬೆನ್ ಕುರ್ಚಿಯ ತೋಳಿನ ಜರಿ ಬಾರ್ಡರ್ ಬಿಚ್ಚಿ, ಮಡಚಿ, ಚೀಲಕ್ಕೆ ಹಾಕುತ್ತಿದ್ದರು.

"ಮೇಡಂ, ಇಷ್ಟು ದೊಡ್ಡ ವ್ಯಾಪಾರ! ಏನ್ ಮಾರ್ತೀರಿ ನೀವು?"

"ಏನೂ ಇಲ್ಲ. ನಿಮ್ಮಲ್ಲೇ ಫೋನ್ ಎತ್ತೋದು. ಸಂಜೆವರೆಗೆ."

"ಅವ್ರದೇನೂ ತಪ್ಪಿಲ್ಲ ಸಾಹೇಬ್ರೇ!" ಬಾಗಿಲಿನಿಂದಲೇ ಕೂಗಿದರು ಕನುಭಾಯಿ. "ಮೊದ್ಲು ಅವ್ರ ನಂಬರ್ ಹಾಕಿಸಿದ್ದು ನಾನು."

"ಮಹಾ ಬುದ್ಧಿವಂತ," ಎಂದರು ಝವೇರ್‌ಭಾಯಿ, ಎರಡನೆಯವರಾಗಿ ಹಾಕಿಸಿದ್ದನ್ನು ಮರೆತು.

ಎಲ್ಲರೂ ಒಟ್ಟಿಗೇ ಹೇಳಿದ್ದನ್ನು ಕೇಳಿಸಿಕೊಂಡ ಕೇಳ್ಕರ್ ಕೇಂದ್ರ ಕಚೇರಿಗೆ ಫೋನು ಮಾಡಿದರು. ಖಾತೆಗಳನ್ನು ಬೇರ್ಪಡಿಸಬಹುದು, ಆದರೆ ಒಂದೊಂದಕ್ಕೂ ಓಟಿಪಿ ಬೇಕು, ಅದು ಆ ನಂಬರಿಗೇ ಬರುತ್ತದೆ, ಹೇಗೆ ಎಂಬುದನ್ನು ಸಖಿಯನ್ನು ಕೇಳಿ ಎಂದರಂತೆ. ಸಖಿಯನ್ನು ಕೇಳಿದರು. "ಈ ಸಮಸ್ಯೆಗೆ ನಿಮ್ಮನ್ನು ನಮ್ಮ ಸೂರತ್ ಕಚೇರಿಗೆ ಜೋಡಿಸುತ್ತಿದ್ದೇನೆ," ಎಂದಿತು ಅದು.

ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ತರುಬೆನ್ ಎತ್ತಿದರು.

"ಹಲೋ," ಎಂದರು ಕೇಳ್ಕರ್, ಎರಡು ಮಾರು ದೂರದಿಂದ.

"ನೋಡ್ತೀನಿ ಭಾಯಿ," ಎಂದರು ತರುಬೆನ್.

ಕೇಳ್ಕರ್ ಫೋನು ಜೇಬಿಗಿಳಿಸಿ, ಬಾಗಿಲು ತುಂಬ ನಿಂತ ವ್ಯಾಪಾರಿಗಳನ್ನು ನೋಡಿ, ಕೈಯಲ್ಲಿ ಬೆವರುತ್ತಿದ್ದ ಹೂಗುಚ್ಛವನ್ನು ಮೇಜಿನ ಮೇಲಿಟ್ಟರು. "ಬೆನ್, ಕಚೇರಿ ಮುಚ್ಚಲ್ಲ. ನೀವೂ ಹೋಗೋ ಹಾಗಿಲ್ಲ. ಇದನ್ನ ನಾನು ಬರೆದೇ ಕೊಡ್ತೀನಿ. ಬೇರೆ ಏನಾದ್ರೂ ಬೇಕಿದ್ರೆ ಈಗಲೇ ಹೇಳಿ, ಮೇಲಿನವರ ಹತ್ರ ಮಾತಾಡ್ತೀನಿ. ಏನ್ ಬೇಕು?"

"ಸಂಬಳ ಡಬಲ್ ಅನ್ನಿ," ಎಂದು ಕನುಭಾಯಿ ಹಿಂದಿನಿಂದ ಪಿಸುಗುಟ್ಟಿದರು. "ಏಸಿ ಕೇಳಿ. ಕಾರು ಕೇಳಿ ಬೆನ್!"

ತರುಬೆನ್ ಚೀಲದಿಂದ ಹಸಿರು ಬಾರ್ಡರ್ ಹೊರತೆಗೆದು, ಒಂದೊಂದೇ ಸುತ್ತಾಗಿ ಕುರ್ಚಿಯ ತೋಳಿಗೆ ಬಿಗಿದು, ತುದಿಯನ್ನು ಒಳಗೆ ಸಿಕ್ಕಿಸಿದರು.

"ಟೀ ಶರ್ಟು ಈ ಸಲ ಎಕ್ಸ್‌ಎಲ್ ಸೈಜ್ ಕಳಿಸಿ. ಹಿಂದಿನ ಮೂರೂ ಮೀಡಿಯಂ ಬಂದಿದ್ವು."