ಜಾವೇದನಿಗೆ ಕೊಟ್ಟ ಮಾತು

ನಜಮುನ್ನೀಸಾ ಸಯನ್ನಿನ ಚಾಳಿನ ಮೇಲಿಂದ ಕರೆದರೆ ರಸ್ತೆಯ ಹಣ್ಣಿನ ಗಾಡಿಯವನು ತಿರುಗಿ ನೋಡುತ್ತಿದ್ದ. ಅಂಥ ಹೆಂಗಸು ಮಗ ಸಾಯುವಾಗ ತುಟಿ ಪಿಟಕ್ಕೆನ್ನದೆ ಕೂತಿದ್ದಳು ಅಂದರೆ ಗದಗಿನ ನೆಂಟರು ಇವತ್ತಿಗೂ ನಂಬುವುದಿಲ್ಲ.

ಗಂಡ ಜಮಾಲಸಾಬ ಬಿಲ್ಡಿಂಗುಗಳಿಗೆ ಬಣ್ಣ ಹೊಡೆಯುತ್ತಿದ್ದ. ದಾದರಿನಲ್ಲಿ ಕೆಲಸ ಮಾಡುವಾಗ ಎತ್ತರದಿಂದ ಬಿದ್ದ. ಆಗ ಕಾಲೇಜು ಓದುತ್ತಿದ್ದ ಮಗ ಜಾವೇದ ಬುತ್ತಿ ಕೊಡಲು ಹೋದವನು ಎದುರಿಗೇ ಇದ್ದ. ಅಪ್ಪನ ಉಸಿರು ಇನ್ನೂ ಆಡುತ್ತಿತ್ತು. ಸುತ್ತ ಸೇರಿದ ಮಂದಿ "ಗೇಲಾ, ಖಲಾಸ್", ಹೋದ, ಮುಗೀತು ಎಂದು ಚೀರಾಡಿದ್ದು ಅಪ್ಪ ಸತ್ತ ಮೇಲೂ ಅವನ ಕಿವಿಯಿಂದ ಹೋಗಲೇ ಇಲ್ಲ. ಏಸಿ ರಿಪೇರಿ ಕಲಿತು, ಆರಿಫಾಳನ್ನು ಮದುವೆಯಾದ ಮೇಲೂ ನಿದ್ದೆಯಲ್ಲಿ ಬೆಚ್ಚಿ ಏಳುತ್ತಿದ್ದ. ನಜಮುನ್ನೀಸಾ ದರ್ಗಾಕ್ಕೆ ಕರೆದೊಯ್ದಳು, ತಾಯತ ಕಟ್ಟಿಸಿದಳು. ಏನೂ ಆಗಲಿಲ್ಲ.

ಸಾಂತಾಕ್ರೂಜ್‌ನಲ್ಲಿ ಜಾವೇದನ ಗಿರಾಕಿಯೊಬ್ಬರು ಸೈಂಟಾಲಜಿ ಎಂಬ ಪರದೇಶದ ಪಂಥದಲ್ಲಿದ್ದರು. ಅವರ ಜೊತೆ ಅವನೂ ಹೋಗತೊಡಗಿದ. ಬಂದು ತಾಯಿಗೆ ಎಲ್ಲ ಹೇಳುತ್ತಿದ್ದ. ಎರಡೂ ಕೈಯಲ್ಲಿ ಒಂದೊಂದು ತಗಡಿನ ಡಬ್ಬಿ ಹಿಡಿಯಬೇಕು, ಅದಕ್ಕೆ ಜೋಡಿಸಿದ ಮೀಟರಿನ ಮುಳ್ಳು ಆಡುತ್ತದೆ. ಎದುರಿಗೆ ಕೂತವರು ಹಳೆಯ ನೋವನ್ನು ಕೇಳುತ್ತಾರೆ, ಅದರ ಕಾವು ಇಳಿಯುವ ತನಕ ಮತ್ತೆ ಮತ್ತೆ ಹೇಳಿಸುತ್ತಾರೆ. ಅದಕ್ಕೆ ಆಡಿಟಿಂಗ್ ಅಂತ ಹೆಸರು.

"ನಮಾಜು ಬಿಡಂತಾರೇನು?" ಎಂದು ಕೇಳಿದಳು.

"ಇಲ್ಲಮ್ಮಿ. ನಿಮ್ಮ ಧರ್ಮ ನಿಮಗಿರಲಿ ಅಂತಾರ."

ಮನುಷ್ಯ ಅಂದರೆ ದೇಹವಲ್ಲ, ಥೇಟನ್ ಎಂಬ ಚೇತನ, ಅದು ಒಂದು ದೇಹ ಬಿಟ್ಟು ಇನ್ನೊಂದು ಹಿಡಿಯುತ್ತದೆ ಎಂದು ಅವನು ಹೇಳಿದಾಗ ಮಾತ್ರ ಅವಳಿಗೆ ಒಗ್ಗಲಿಲ್ಲ. ಸತ್ತವರು ಏಳುವುದು ಕಯಾಮತ್ತಿನ ದಿನ ಎಂದು ನಂಬಿದವಳು. ಆದರೂ ಜಗಳ ತೆಗೆಯಲಿಲ್ಲ. ಮಗ ಈಗ ನಿದ್ದೆ ಮಾಡುತ್ತಿದ್ದ.

ಒಂದು ಮಧ್ಯಾಹ್ನ ಊಟದ ನಡುವೆ ಜಾವೇದ ತಾಯಿಗೂ ಹೆಂಡತಿಗೂ ಹೇಳಿದ: "ಎಚ್ಚರ ತಪ್ಪಿದಾಗಲೂ ಮನಸ್ಸಿನ ಒಂದು ಭಾಗ ಎಲ್ಲಾ ಕೇಳಸ್ಕೊಂತಿರತದ ಅಮ್ಮಿ. ನೋವಿನ ಹೊತ್ತಿನಾಗ ಬಿದ್ದ ಮಾತು ಒಳಗ ಕಚ್ಚಿಕೊಂಡು ಕೂಡತದ, ಮುಂದ ಕಾಡತದ. ಅದಕ್ಕ ಅಂಥವರ ಹತ್ರ ಯಾರೂ ಮಾತಾಡಬಾರದು. ಅಬ್ಬಾನ ಸುತ್ತ ಚೀರಿದಂಗ ನನ್ನ ಸುತ್ತ ಚೀರಬ್ಯಾಡ್ರಿ. ಇಬ್ಬರೂ ಮಾತು ಕೊಡ್ರಿ."

"ಊಟದಾಗ ಇವೆಲ್ಲಾ ಯಾಕ?" ಎಂದು ಬೈದಳು. ಆಮೇಲೆ ಮಾತು ಕೊಟ್ಟಳು. ಆರಿಫಾಳೂ ಕೊಟ್ಟಳು.

ಮರುವರ್ಷ ಜಾವೇದ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಕುಸಿದ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು.

ಐಸಿಯು ಒಳಗೆ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಡಾಕ್ಟರು ಒಳ್ಳೆಯವರು. "ಮಾತಾಡಿಸಿ ಅಮ್ಮಾ, ಕೇಳಿಸಿದರೂ ಕೇಳಿಸಬಹುದು" ಎಂದರು. ಕೇಳಿಸುತ್ತದೆ ಎಂಬುದೇ ಅವಳ ಸಂಕಟ. ಮಂಚದ ಪಕ್ಕ ಕೂತು ಮಗನ ಅಂಗಾಲು ಉಜ್ಜುತ್ತಿದ್ದಳು. ಹೆಸರು ನಾಲಿಗೆಯ ತುದಿಗೆ ಬರುತ್ತಿತ್ತು, ಸೆರಗನ್ನು ಹಲ್ಲಿಗೆ ಕಚ್ಚುತ್ತಿದ್ದಳು. ನರ್ಸುಗಳು ತಮ್ಮ ತಮ್ಮಲ್ಲಿ ಹರಟುವುದನ್ನು ಕಂಡರೆ ಹೊಟ್ಟೆಕಿಚ್ಚು ಬರುತ್ತಿತ್ತು.

ಇನ್ನು ಆಸೆಯಿಲ್ಲ ಎಂದ ಡಾಕ್ಟರು ಇಬ್ಬರನ್ನೂ ಒಟ್ಟಿಗೆ ಒಳಗೆ ಬಿಟ್ಟರು. ಬಾಗಿಲಲ್ಲೇ ನಜಮುನ್ನೀಸಾ ಸೊಸೆಯ ಕೈ ಹಿಡಿದಳು.

"ಈಗರೆ ಕಿವ್ಯಾಗ ಕಲಮಾ ಹೇಳಲೇನವಾ? ಹೋಗೋರಿಗೆ ಹೇಳಬೇಕಲ್ಲ."

ಆರಿಫಾ ಅಳುತ್ತಲೇ ಬೇಡವೆಂದು ತಲೆಯಾಡಿಸಿದಳು. "ಅವರು ಮಾತು ತಗೊಂಡಾರ ಅಮ್ಮಿ."

ನಜಮುನ್ನೀಸಾ ಮನಸ್ಸಿನಲ್ಲೇ ಓದಿದಳು. ತುಟಿ ಕೂಡ ಅಲುಗಿಸಲಿಲ್ಲ. ಅಷ್ಟರಲ್ಲಿ ಜಾವೇದ ಹೋದ.

ದಫನ್ ಮುಗಿದ ಮೇಲೆ, ಆಸ್ಪತ್ರೆಯಲ್ಲಿ ನಡೆದದ್ದನ್ನು ಆರಿಫಾಳ ಬಾಯಿಂದಲೇ ಕೇಳಿ ನೆಂಟರು ಅವಳ ಮೇಲೆ ಹರಿಹಾಯ್ದರು. ಕಲಮಾ ಇಲ್ಲದೆ ಕಳಿಸಿದಳು, ಎಂಥಾ ಹೆಂಡತಿ ಎಂದರು. "ಆಕೀಗೇನೂ ಅನಬ್ಯಾಡ್ರಿ. ನಾನೂ ಒಪ್ಪಿದ್ದೆ" ಎಂದಳು ನಜಮುನ್ನೀಸಾ. ಅವರು ಎದ್ದು ಹೋದರು.

ಆರಿಫಾ ಇದ್ದತ್ತಿಗೆ, ಗಂಡ ಸತ್ತವಳು ಹೊರಗೆ ಹೋಗದ ಆ ನಾಲ್ಕು ತಿಂಗಳು, ಮನೆಯಲ್ಲೇ ಕೂತಿದ್ದಳು. ಒಂದು ದಿನ ಇಬ್ಬರೂ ಮೆಂತ್ಯಪಲ್ಲೆ ಸೋಸುತ್ತಿದ್ದಾಗ ತಲೆ ಎತ್ತದೆ ಹೇಳಿದಳು: "ನಾನು ಮಾತು ತಪ್ಪಿದೆ ಅಮ್ಮಿ. ಆಸ್ಪತ್ರ್ಯಾಗ ಒಬ್ಬಾಕೀನ ಇದ್ದಾಗ ತಡಕೊಳ್ಳಾಕ ಆಗಲಿಲ್ಲ. ಎದ್ದು ಬರ್ರಿ ಅಂತ ಕಿವ್ಯಾಗ ಕರದೆ. ಅದು ಅವರಿಗೆ ಎಷ್ಟು ನೋವಾತೋ ಏನೋ."

ನಜಮುನ್ನೀಸಾ ಕೈಯಲ್ಲಿದ್ದ ಪಲ್ಲೆ ಕೆಳಗಿಟ್ಟಳು. ತಾನು ಕಲಮಾ ನುಂಗಿಕೊಂಡು ಕೂತಿದ್ದಳಲ್ಲ, ಇವಳ ಮುಖ ನೋಡಿಯೇ. ಎದ್ದು ಹೊರಗೆ ಹೋಗಿ ಕಟಾಂಜನ ಹಿಡಿದು ನಿಂತಳು. ಆಮೇಲೆ ಒಳಗೆ ಬಂದು ಸೊಸೆಯ ಮುಂದೆ ಕೂತಳು.

"ಕರದಾಗ ರೆಪ್ಪಿ ಏನರ ಅಲುಗಿದ್ವೇನು?"

"ಇಲ್ಲಮ್ಮಿ. ಏನೂ ಇಲ್ಲ."



"ಇರಲಿ ಬಿಡು. ನೀನರೆ ಕರದ್ಯಲ್ಲ," ಎಂದು ನಜಮುನ್ನೀಸಾ ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡಳು.

ಆರಿಫಾ ಅತ್ತು ಹಗುರಾದಳು. ನಜಮುನ್ನೀಸಾಳಿಗೆ ಆಗಲಿಲ್ಲ. ಮಗನ ಮಾತು ಉಳಿಸಿದೆ ಎಂದು ಒಮ್ಮೆ ಸಮಾಧಾನವಾಗುತ್ತದೆ, ಅವನನ್ನು ಕಲಮಾ ಇಲ್ಲದೆ ಬರಿಗೈಲಿ ಕಳಿಸಿದೆ ಎಂದು ಮರುಗಳಿಗೆಗೆ ಕರುಳು ಹಿಂಡುತ್ತದೆ. ಅದೇ ಖೋಲಿಯಲ್ಲಿ, ಸೊಸೆಯ ಜೊತೆ, ಅವಳು ಹಾಗೇ ಇದ್ದಾಳೆ.