ನಮ್ಮಮನಿ ಎಂಬ ಪಾಸ್‌ವರ್ಡ್

ಮೆಹರುನ್, ಅಂದು ನೀನು ಜೋಡಿಸಿದ ವೈಫೈ ಸರಿಯಾಗಿಯೇ ಇತ್ತು. ತಪ್ಪು ನನ್ನ ಬೆರಳಿನದು — ಅದು ನನಗೆ ಅದೇ ಸಂಜೆ ಗೊತ್ತಾಯಿತು. ಗೊತ್ತಾಗಿಯೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಡಫಳಾಪುರದ ನಮ್ಮ ಶಾಲೆಗೆ ಕಂಪ್ಯೂಟರ್ ಕೋಣೆ ಬಂದ ಹೊಸತು. ಅದನ್ನು ನೋಡಿಕೊಳ್ಳಲು ನನ್ನ ಹಳೆಯ ವಿದ್ಯಾರ್ಥಿನಿಯಾದ ನಿನ್ನನ್ನೇ ಕರೆಸಿದ್ದರು. ವೈಫೈ ಜೋಡಿಸಿ ತೋರಿಸಿದರೆ ನೌಕರಿ ನಿನ್ನದು. ನೌಕರಿ ಸಿಕ್ಕರೆ ನಿನ್ನ ಅಬ್ಬಾ ಮದುವೆಯ ಮಾತು ಮುಂದಕ್ಕೆ ಹಾಕುತ್ತಾರೆ ಎಂದು ನೀನೇ ನನಗೆ ಹೇಳಿದ್ದೆ.

ವೈಫೈ ಹಿಡಿಯುವ ಯಂತ್ರ ನನ್ನ ಬಳಿ ಮಾತ್ರ ಇತ್ತು — ಪುಣೆಯಿಂದ ತರಿಸಿದ ಅಂಗೈಯಗಲದ ಕಂಪ್ಯೂಟರು. ಅದರ ಟರ್ಮಿನಲ್ ಎಂಬ ಕಪ್ಪು ಪರದೆಯಲ್ಲಿ ವೈಫೈಯ ಹೆಸರು, ಪಾಸ್‌ವರ್ಡ್ ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಆಜ್ಞೆ ಕೊಡಬೇಕು. ಶಾಲೆಯ ಚೇರ್ಮನ್ನರ ಮುಂದೆ ಅದನ್ನು ಹಿಡಿದು ನಿಂತಾಗ ನನಗೆಷ್ಟು ಜಂಬ — ಈಗ ಹೇಳಲು ನಾಚಿಕೆ.

“ಪಾಸ್‌ವರ್ಡ್ ನಮ್ಮಮನಿ ಐತ್ರಿ ಸರ್, ಕೂಡಿಸಿ ಬರೀರಿ,” ಎಂದೆ ನೀನು.

ಬರೆದೆ. ಸೇರಲಿಲ್ಲ. ಮತ್ತೆ ಬರೆದೆ — ಊಹುಂ. “ಒಮ್ಮೆ ನನ್ನ ಕೈಗೆ ಕೊಡ್ರಿ ಸರ್,” ಎಂದು ಕೇಳಿದೆ ನೀನು, ನಾನು ಕೊಡಲಿಲ್ಲ. ಚೇರ್ಮನ್ನರು ನನ್ನ ಮುಖ ನೋಡಿದರು. ಆಗ ನಾನೇ ಅಂದದ್ದು: “ಆಕಿ ಇನ್ನೂ ಭಾಳ ಕಲೀಬೇಕ್ರಿ, ಸಾಹೇಬ್ರ.”

ಸಂಜೆ ಎಲ್ಲರೂ ಹೋದ ಮೇಲೆ, ಅದೇ ಕೋಣೆಯಲ್ಲಿ, ಮೇಲ್ಮುಖದ ಬಾಣದ ಕೀಲಿ ಒತ್ತಿದೆ. ನಾನು ಕೊಟ್ಟಿದ್ದ ಆಜ್ಞೆ ಹಾಗೆಯೇ ಪರದೆಗೆ ಮರಳಿತು. ನೀನು ಹೇಳಿದ್ದು ನಮ್ಮಮನಿ. ನಾನು ಬರೆದದ್ದು ನಮ್ಮಮನೆ. ಕನ್ನಡ ಮಾಸ್ತರನ ಕೈ — ನಿಮ್ಮ ವಹಿಗಳಲ್ಲಿ ‘ಮನಿ’ ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ ‘ಮನೆ’ ಮಾಡುತ್ತ ಬಂದದ್ದು — ನಿನ್ನ ಮಾತನ್ನೂ ನನ್ನನ್ನು ಕೇಳದೆ ತಿದ್ದಿಬಿಟ್ಟಿತ್ತು. ಒಂದೇ ಅಕ್ಷರ ಬದಲಿಸಿದೆ, ವೈಫೈ ಸೇರಿತು. ಯಂತ್ರ ಆರಿಸಿ ಜೇಬಿಗೆ ಹಾಕಿಕೊಂಡೆ.

ಮರುದಿನ ಹೇಳಬಹುದಿತ್ತು. ಹೇಳಲೆಂದು ಚೇರ್ಮನ್ನರ ಬಾಗಿಲವರೆಗಾದರೂ ಹೋದೆನೇ — ಇಲ್ಲ, ಅದೂ ಇಲ್ಲ. ನೌಕರಿ ಬೇರೆಯವರ ಪಾಲಾಯಿತು. ನಿನ್ನ ನಿಕಾಹ್‌ಗೆ ಬಂದು ಉಂಡೆ ಕೂಡ. ಹೊರಡುವಾಗ ನೀನು, “ನಂದ ತಪ್ಪಿತ್ರಿ ಸರ್, ಇನ್ನೂ ಕಲೀಬೇಕಿತ್ತು,” ಎಂದೆ. ನಾನು... ಹೌದೆಂದು ತಲೆಯಾಡಿಸಿದೆ. ನೌಕರಿ ತಪ್ಪಿಸಿದ್ದಕ್ಕಿಂತ ಆ ತಲೆಯಾಡಿಸಿದ್ದೇ ನನ್ನನ್ನು ಹೆಚ್ಚು ಸುಡುತ್ತದೆ.

ಚೇರ್ಮನ್ನರು ಈಗಲೂ ಇದ್ದಾರೆ. ನಾಳೆ ಮೊದಲು ಅವರೆದುರು ಹೇಳಿ, ಆಮೇಲೆ ಉಟಗಿಗೆ, ನಿನ್ನ ಮನೆಗೆ ಬರುತ್ತೇನೆ. ನೀನು ‘ಒಳಗ ಬಂದು ಕುಂದ್ರಿ’ ಅನ್ನಬೇಡ. ಬಾಗಿಲಲ್ಲೇ ನಿಂತು, ನಿನ್ನ ಅತ್ತೆ-ಮಾವ ಕೇಳುವಂತೆ ಹೇಳುತ್ತೇನೆ: “ನೀ ಬರೋಬ್ಬರಿ ಹೇಳಿದ್ದಿ, ಮೆಹರುನ್. ತಪ್ಪು ನಂದು.”